ಸೀಡಿಯಲ್ಲಿಲ್ಲದ ಗೂಡ್ಸ್ ಗಾಡಿ

ಸುಸ್ತಾದ ಮನುಷ್ಯರಿಂದ ಯಾವ ಮಾತಿಗೆ ಬೇಕಾದರೂ ಒಪ್ಪಿಗೆ ಪಡೆಯಬಹುದು ಎಂಬುದು ನನ್ನ ಅನುಭವ. ಸಿಟ್ಟಿನಲ್ಲಿರುವವರು ಪೂರ್ತಿ ಕೇಳದೆಯೇ ಆಗುವುದಿಲ್ಲ ಎನ್ನುತ್ತಾರೆ. ಖುಷಿಯಲ್ಲಿರುವವರು ಪೂರ್ತಿ ಕೇಳಿ, ಕಾಫಿ ಕೊಟ್ಟು, ನಾಳೆ ಹೇಳುತ್ತೇನೆ ಎನ್ನುತ್ತಾರೆ. ಸುಸ್ತಾದವರು ಮಾತ್ರ ಕೇಳಿಸಿಕೊಳ್ಳುವುದಕ್ಕೂ ಕೈಲಾಗದೆ "ಹ್ಞೂಂ, ಆಯ್ತು" ಎಂದುಬಿಡುತ್ತಾರೆ. ನನ್ನ ಬದುಕಿನ ಮುಖ್ಯ ತೀರ್ಮಾನಗಳೆಲ್ಲ ಈ ಎರಡು ಮಾತಿನಲ್ಲೇ ಆಗಿಹೋಗಿವೆ. ಮದುವೆಗೆ ಒಪ್ಪಿದ್ದು ಹಾಗೆ. ನೋಡಲು ಬಂದವರಲ್ಲಿ ಅವರು ಆರನೆಯವರು, ಏಳನೆಯವರ ಮುಂದೆ ಕೂತು ಮತ್ತೆ ಹಾಡುವ ತ್ರಾಣ ನನಗಿರಲಿಲ್ಲ. ನನ್ನನ್ನು ನಾನೇ ಒಂದು ಸೀಡಿಯೊಳಗೆ ಹಾಕಿ ಶಾಲೆಗೆ ಒಪ್ಪಿಸಿದ್ದೂ ಹಾಗೆಯೇ. ಎರಡನೆಯದನ್ನು ಇಲ್ಲಿ ಹೇಳುತ್ತೇನೆ. ಮೊದಲನೆಯದನ್ನು ವಿಸ್ತರಿಸಿದರೆ ನಮ್ಮ ಯಜಮಾನರು ಓದುತ್ತಾರೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಹಲಸೂರು ಕೆರೆಯಿಂದ ಎರಡು ರಸ್ತೆ ಆಚೆ ಇದ್ದ ಒಂದು ಖಾಸಗಿ ಶಾಲೆಯಲ್ಲಿ ನಾನು ಸಂಗೀತದ ಮಿಸ್ಸು. ಶಾಲೆಗೆ ಕೆ.ಆರ್. ಪುರದಲ್ಲಿ ಒಂದು ಬ್ರಾಂಚು. ವಾರದಲ್ಲಿ ಮೂರು ದಿನ ಹಲಸೂರು, ಮೂರು ದಿನ ಕೆ.ಆರ್. ಪುರ, ಮನೆ ಬಾಣಸವಾಡಿ. ಸಂಗೀತದ ಮಿಸ್ಸು ಎಂದೊಡನೆ ತೊಡೆಯ ಮೇಲೆ ವೀಣೆ ಇಟ್ಟುಕೊಂಡು ಕೂತ ಹೆಂಗಸಿನ ಚಿತ್ರ ನಿಮ್ಮ ಕಣ್ಣಿಗೆ ಬಂದಿದ್ದರೆ ದಯವಿಟ್ಟು ಅಳಿಸಿಹಾಕಿ. ಒಂದು ಹೆಗಲಿಗೆ ಬ್ಯಾಟರಿಯ ಶ್ರುತಿಪೆಟ್ಟಿಗೆಯ ಚೀಲ, ಇನ್ನೊಂದಕ್ಕೆ ಊಟದ ಡಬ್ಬಿಯದು, ಬಲಗೈ ಬಸ್ಸಿನ ಕಂಬಿಗೆ, ಎಡಗೈ ಜಾರುವ ಸೆರಗಿಗೆ; ಇದು ನಾನು. ಒಂದು ದಿನ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ತಾಗಿ ಚೀಲದೊಳಗಿನ ಶ್ರುತಿಪೆಟ್ಟಿಗೆ ಚಾಲೂ ಆಗಿಬಿಟ್ಟಿತು. ಕೈ ಹಾಕಿ ಆರಿಸೋಣವೆಂದರೆ ಕೈ ಎಲ್ಲಿದೆಯೆಂದೇ ತಿಳಿಯದ ರಷ್ಷು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಚೀಲವನ್ನೇ ಕರುಣೆಯಿಂದ ನೋಡಿ, "ಏನಮ್ಮಾ, ಪಾಪ, ಒಳಗೆ ಏನೋ ಅಳ್ತಾ ಐತೆ" ಎಂದರು. ಟಿನ್ ಫ್ಯಾಕ್ಟರಿ ದಾಟುವವರೆಗೂ ಅದು ಅಳುತ್ತಲೇ ಇತ್ತು, ನನಗೂ ಅಳು ಬರುವಂತಾಗಿತ್ತು.

ನಮ್ಮದು ವರ್ಷ ವರ್ಷವೂ ಹೊಸದಾಗುವ ನೌಕರಿ. ಮಾರ್ಚಿನಲ್ಲಿ ಕಾಗದ ಬಂದರೆ ಜೂನಿನಲ್ಲಿ ಶಾಲೆ, ಬರದಿದ್ದರೆ ಮನೆ. ಕಾಗದ ಕೊಡುವವರು ಸೆಕ್ರೆಟರಿ ಪಿಳ್ಳಪ್ಪನವರು. ಅವರ ತಂದೆ ಕೊತ್ತಂಬರಿ, ದಂಟಿನ ಸೊಪ್ಪು ಬೆಳೆಯುತ್ತಿದ್ದ ನೆಲದ ಮೇಲೆಯೇ ಇವರು ಶಾಲೆ ಕಟ್ಟಿಸಿದ್ದರು. ಒಳ್ಳೆಯ ಮನುಷ್ಯರು. ಆದರೆ ಒಳ್ಳೆಯ ಮನುಷ್ಯರಿಗೆ ಐಡಿಯಾ ಬಂದರೆ ತಪ್ಪಿಸಿಕೊಳ್ಳುವುದು ಕಷ್ಟ. ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ಮೆಟ್ಟಿಲು ಹತ್ತುವಾಗ ಅವರು ಇಳಿಯುತ್ತಿದ್ದರು.

"ಏನಮ್ಮಾ ಮಿಸ್ಸು, ಕುಂಟ್ತಾ ಇದೀರಿ?"

"ಮಂಡಿ ಸಾರ್. ಬಸ್ಸಲ್ಲಿ ನಿಂತೂ ನಿಂತೂ ಹಿಡ್ಕೊಂಡ್ಬಿಟ್ಟಿದೆ."

"ಅದಕ್ಕೇ ಒಂದು ಐಡಿಯಾ ಮಾಡಿದೀನಿ. ನಮ್ಮ ಬಾಮೈದನ ಮಗಳ ಮದ್ವೆ ಸೀಡಿ ಬಂದೈತೆ. ಎಷ್ಟು ಸಲ ಹಾಕಿದ್ರೂ ಹುಡುಗ ತಾಳಿ ಕಟ್ತಾನೇ ಇರ್ತಾನೆ ಕಣಮ್ಮಾ, ಒಂದ್ಸಲಾನೂ ಬೇಜಾರು ಮಾಡ್ಕೊಳ್ಳಲ್ಲ. ನಿಮ್ಮ ಪಾಠಾನೂ ಹಂಗೇ ಹಿಡಿದು ಹಾಕ್ಬಿಟ್ರೆ? ನೀವು ಹಲಸೂರಲ್ಲೇ ಇರಿ. ಕೆ.ಆರ್. ಪುರಕ್ಕೆ ಸೀಡಿ ಹೋಗ್ಲಿ. ಏನಂತೀರಿ?"

ಕೆ.ಆರ್. ಪುರದ ಬಸ್ಸು, ಅಜ್ಜಿ, ಟಿನ್ ಫ್ಯಾಕ್ಟರಿ ಎಲ್ಲವೂ ಒಮ್ಮೆ ಕಣ್ಣ ಮುಂದೆ ಬಂದವು. "ಹ್ಞೂಂ, ಆಯ್ತು ಸಾರ್" ಎಂದೆ.

ಮನೆಗೆ ಬಂದು ಹಿಗ್ಗಿನಿಂದ ಹೇಳಿದೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಒಳ್ಳೇದಾಯ್ತು. ಕೆ.ಆರ್. ಪುರಕ್ಕೆ ಸೀಡಿ ಸಾಕು ಅಂದ್ಮೇಲೆ ಹಲಸೂರಿಗೂ ಅದೇ ಸೀಡಿ ಸಾಕಲ್ಲ. ನೀನು ಆರಾಮಾಗಿ ಮನೇಲಿರ್ಬಹುದು" ಎಂದರು. ಅವರು ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನನಗಂತೂ ಕೈಯಲ್ಲಿದ್ದ ಲೋಟದ ಕಾಫಿ ಕಹಿಯಾಯಿತು. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲವಲ್ಲ! ಮಾರನೆಯ ದಿನ ಧೈರ್ಯ ಮಾಡಿ ಸೆಕ್ರೆಟರಿಯವರನ್ನು ಕೇಳಿಯೇಬಿಟ್ಟೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಜನವರೀಲಿ ಆನ್ಯುವಲ್ ಡೇ ಐತಲ್ಲ. ಕೆ.ಆರ್. ಪುರದ ಮಕ್ಳು ಬರೀ ಸೀಡಿ ನೋಡಿ ಕಲ್ತು ಒಂದು ಹಾಡು ಹೇಳ್ಲಿ. ನೀವು ಆ ಕಡೆ ತಲೇನೂ ಹಾಕ್ಬಾರ್ದು. ಚೆನ್ನಾಗಿ ಬಂದ್ರೆ ಮಾರ್ಚಲ್ಲಿ ನೋಡಾಣ." ಈ 'ನೋಡಾಣ' ಎಂಬ ಮಾತನ್ನು ಅವರು ಹಿಂದಿನ ವರ್ಷ ಕ್ರಾಫ್ಟ್ ಮಿಸ್ಸಿಗೂ ಹೇಳಿದ್ದರು. ಕ್ರಾಫ್ಟ್ ಮಿಸ್ಸು ಈಗ ಕಮರ್ಷಿಯಲ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹೊಲಿಯುತ್ತಾರೆ.

ರೆಕಾರ್ಡಿಂಗ್ ಮಾಡಲು ಗೊತ್ತಾದವರು ಶಿವಾಜಿನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ಇಮ್ತಿಯಾಜ್. ಬಾಮೈದನ ಮಗಳ ಮದುವೆ ಹಿಡಿದವರೂ ಅವರೇ. ಶಾಲೆಯಲ್ಲಿ ಗಂಟೆ, ಹಾರನ್ನು, ಮಕ್ಕಳ ಗಲಾಟೆ. ಸದ್ದಿಲ್ಲದ ಜಾಗ ಬೇಕೆಂದು ಅವರು ಕೇಳಿದಾಗ ನಾನು "ನಮ್ಮನೇಲೇ ಮಾಡೋಣ, ಭಾನುವಾರ ಬನ್ನಿ, ತುಂಬಾ ಪ್ರಶಾಂತವಾಗಿರುತ್ತೆ" ಎಂದೆ. ನಾನು ಸುಳ್ಳು ಹೇಳಲಿಲ್ಲ. ಅದು ನನ್ನ ಪ್ರಾಮಾಣಿಕ ನಂಬಿಕೆಯಾಗಿತ್ತು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಬಾಣಸವಾಡಿ ಸ್ಟೇಷನ್ ಬಿಟ್ಟ ರೈಲು ನಮ್ಮ ನಡುಮನೆಯ ಕಿಟಕಿಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಪ್ರತಿ ರೈಲಿಗೂ ನಾನು ಬೆಚ್ಚಿಬೀಳುತ್ತಿದ್ದೆ. ಆಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ರೈಲು ಬಂದರೆ ಮಾತು ನಿಲ್ಲುತ್ತದೆ, ಹೋದ ಮೇಲೆ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. "ಸಾರಿಗೆ ಉಪ್ಪು" ಎಂದು ನಾನು ನಿಲ್ಲಿಸಿದರೆ, ಕೊನೆಯ ಬೋಗಿ ದಾಟಿದ ಮೇಲೆ "ಹಾಕಿದೀನಾ ನೋಡಿ" ಎನ್ನುತ್ತೇನೆ. ಜಗಳದ ನಡುವೆ ಗೂಡ್ಸ್ ಗಾಡಿ ಬಂದರೆ ಇಬ್ಬರೂ ಮುಖ ಊದಿಸಿಕೊಂಡು ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತೇವೆ. ಅದು ಪೂರ್ತಿ ಹೋಗುವ ಹೊತ್ತಿಗೆ ಯಾವ ಮಾತಿಗೆ ಯಾವ ಉತ್ತರ ಕೊಡಬೇಕಿತ್ತೆಂಬುದು ಮರೆತೇಹೋಗಿರುತ್ತದೆ. ನಮ್ಮ ಸಂಸಾರ ಇಷ್ಟು ವರ್ಷ ಉಳಿದು ಬಂದದ್ದರಲ್ಲಿ ಗೂಡ್ಸ್ ಗಾಡಿಗಳ ಉಪಕಾರ ಬಹಳವಿದೆ. ಇದೆಲ್ಲ ಎಷ್ಟು ಅಭ್ಯಾಸವಾಗಿತ್ತೆಂದರೆ ರೈಲು ಬಂದದ್ದಾಗಲಿ, ನಾವು ನಿಲ್ಲಿಸಿದ್ದಾಗಲಿ ನಮ್ಮ ಗಮನಕ್ಕೆ ಬರುತ್ತಲೇ ಇರಲಿಲ್ಲ. ಹಾಡುವಾಗಲೂ ನಾನು ಹಾಗೆಯೇ ಮಾಡುತ್ತೇನೆಂಬುದು ನನಗೆ ತಿಳಿದದ್ದು ಮುಂದೆ, ಆರುನೂರು ಜನರ ಎದುರಿಗೆ.

ಭಾನುವಾರ ಇಮ್ತಿಯಾಜ್ ಕ್ಯಾಮೆರಾ, ಎರಡು ದೊಡ್ಡ ದೀಪ ಹೊತ್ತು ಬಂದರು. ಹಾಡು ನಮ್ಮ ಕನ್ನಡ ಪಂಡಿತರು ಬರೆದದ್ದು, ಶಾರದೆಯ ಮೇಲೆ; ಮೋಹನ ರಾಗ, ಆದಿತಾಳ ನನ್ನದು. "ಹೂವ ಕಟ್ಟಿ, ದೀಪ ಹಚ್ಚಿ, ಕಾದು ನಿಂತೆವಮ್ಮಾ" ಎಂಬುದು ಚರಣದ ಮೊದಲ ಸಾಲು, "ಬಂದೆಯಾ ತಾಯೆ, ಬಂದೆಯಾ" ಎಂಬುದು ಮುಂದಿನದು. ಮೊದಲ ಸಲ ಹಾಡಿದಾಗ ನಡುವೆ ಕೆಮ್ಮು ಬಂತು. ಇಮ್ತಿಯಾಜ್, "ಏನಾಗಲ್ಲ ಮೇಡಂ, ಆ ಕೆಮ್ಮು ಕಟ್ ಮಾಡ್ಬಿಡ್ತೀನಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ತಾಳ ಕಲಿಸಿದ ಸಂಕಟವೆಲ್ಲ ಆ ಮನುಷ್ಯನ ತಲೆಯ ಮೇಲೆ ಸುರಿದೆ. ಆದಿತಾಳಕ್ಕೆ ಎಂಟು ಎಣಿಕೆ, ಎಂಟು ಸೇರಿ ಒಂದು ಆವರ್ತ, ಅರ್ಧ ಎಣಿಕೆ ಕತ್ತರಿಸಿದರೂ ಹಾಡು ಕುಂಟುತ್ತದೆ ಎಂದು ತೊಡೆ ತಟ್ಟಿ ತೋರಿಸಿದೆ. "ಕೆಮ್ಮಿದ್ರೂ ಇರ್ಲಿ, ಸೀನಿದ್ರೂ ಇರ್ಲಿ. ಒಂದು ಸೆಕೆಂಡೂ ನೀವು ಕಟ್ ಮಾಡ್ಬಾರ್ದು, ಗೊತ್ತಾಯ್ತಾ?" ಎಂದು ಗದರಿದೆ. ಅವರು ಎರಡೂ ಕಿವಿ ಮುಟ್ಟಿಕೊಂಡು, "ತೋಬಾ ಮೇಡಂ, ಕತ್ತರಿ ಮುಟ್ಟಲ್ಲ" ಎಂದರು. ಎರಡನೆಯ ಸಲ ಕೆಮ್ಮಿಲ್ಲದೆ ಹಾಡಿ ಮುಗಿಸಿದೆ. ಚೆನ್ನಾಗಿ ಬಂತೆಂದು ನನಗೇ ಅನ್ನಿಸಿತು.

ವಾರದ ಮೇಲೆ ಸೀಡಿ ಬಂತು. ಇಮ್ತಿಯಾಜ್ ಮುಖದಲ್ಲಿ ದೊಡ್ಡ ಕೆಲಸ ಮಾಡಿ ಮುಗಿಸಿದವರ ಕಳೆ ಇತ್ತು. "ಮೇಡಂ, ಟ್ರೇನ್ ತೆಗ್ದ್ಬಿಟ್ಟೆ" ಎಂದರು.

"ಯಾವ ಟ್ರೇನು?"

"ಅರೇ, ಎಷ್ಟು ದೊಡ್ಡ ಗೂಡ್ಸ್ ಬಂತಲ್ಲ ಮೇಡಂ, ಮನೆಯೆಲ್ಲ ನಡುಗ್ತು! ಕಂಪ್ಯೂಟರಲ್ಲಿ ಹಾಕಿ ಎರಡು ದಿನ ಕೂತೆ. ಈಗ ಒಂದು ಬೋಗೀನೂ ಉಳ್ದಿಲ್ಲ. ಆ ಜಾಗಕ್ಕೆ ನಿಮ್ಮ ಪೆಟ್ಟಿಗೆಯ ಸೌಂಡ್ ತಂದು ಅಂಟಿಸಿದೀನಿ. ಯಾರಿಗೂ ಗೊತ್ತಾಗಲ್ಲ. ಮತ್ತೆ ನೀವು ಹೇಳಿದ್ರಲ್ಲ, ಒಂದು ಸೆಕೆಂಡೂ ಕಟ್ ಮಾಡಿಲ್ಲ, ಕಸಂ ಸೇ, ಆಣೆಗೂ."

ರೈಲಿನ ಸದ್ದು ಹಿಂದೆಲ್ಲೋ ಸಣ್ಣಗೆ ಕೇಳಿಸಿರಬೇಕು, ಪಾಪ ಕಷ್ಟಪಟ್ಟು ಒರೆಸಿದ್ದಾರೆ ಎಂದುಕೊಂಡೆ. ಸೀಡಿಯನ್ನು ಕೊನೆಯವರೆಗೂ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪಕ್ಕದ ಮನೆಯವರ ಹತ್ತಿರ ಪ್ಲೇಯರ್ ಇತ್ತು, ಕರೆದರು ಕೂಡ. ಹೋಗಿ ಕೂತೆ. ಮೊದಲು ಒಂದು ಗುಲಾಬಿ ಹೂವು ಅರಳಿತು, ಅದರ ನಡುವಿನಿಂದ ನಾನು ಬಂದೆ. ಮದುವೆಯ ಎಫೆಕ್ಟನ್ನು ಇಮ್ತಿಯಾಜ್ ಪ್ರೀತಿಯಿಂದ ಪುಕ್ಕಟೆ ಹಾಕಿದ್ದರು. ಗುಲಾಬಿಯೊಳಗಿನ ಹೆಂಗಸಿಗೆ ಎರಡು ಗದ್ದ ಇದ್ದವು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಬಾಯಿ ತೆರೆದಳು. ಆ ದನಿ ನನ್ನದಾಗಿರಲಿಲ್ಲ, ಮೂಗಿನಲ್ಲಿ ಮಾತಾಡುತ್ತಿದ್ದ ನಮ್ಮ ಸೋದರತ್ತೆಯದಾಗಿತ್ತು. ಇಷ್ಟು ವರ್ಷ ನಾನು ನನ್ನೊಳಗೆ ಕೇಳಿಸಿಕೊಂಡು ಮೆಚ್ಚಿದ್ದ ದನಿ ಯಾರದೆಂದು ದಿಗಿಲಾಯಿತು. "ಸಾಕು, ಆರ್ಸಿ" ಎಂದು ಎದ್ದು ಬಂದುಬಿಟ್ಟೆ. ಪಲ್ಲವಿ ಕೂಡ ಪೂರ್ತಿಯಾಗಿರಲಿಲ್ಲ.

ಸೀಡಿ ಕೆ.ಆರ್. ಪುರಕ್ಕೆ ಹೋಯಿತು. ಅಲ್ಲಿ ಅದನ್ನು ಹಾಕುವ ಕೆಲಸ ಗಣಿತದ ಫಿಲೋಮಿನಾ ಮಿಸ್ಸಿಗೆ ಬಿತ್ತು. ಆಯುಧಪೂಜೆಯಂದು ಬ್ರಾಂಚಿನವರು ಟೀವಿಗೆ, ಪ್ಲೇಯರಿಗೆ, ಸ್ಕೂಲ್ ವ್ಯಾನಿಗೆ ಪೂಜೆ ಮಾಡಿ, ಭಕ್ತಿ ಹೆಚ್ಚಾಗಿ ಸೀಡಿಗೂ ಗಂಧ ಕುಂಕುಮ ಹಚ್ಚಿದರಂತೆ, ಅದೂ ಹೊಳೆಯುವ ಮಗ್ಗುಲಿಗೆ. ಮರುದಿನ ಅದನ್ನು ಪಾತ್ರೆ ತಿಕ್ಕುವ ಪುಡಿ ಹಾಕಿ ತೊಳೆದರಂತೆ. ಇಮ್ತಿಯಾಜ್ ಇನ್ನೊಂದು ಕಾಪಿ ಮಾಡಿಕೊಡಬೇಕಾಯಿತು. ಇದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಡಿಸೆಂಬರಿನಲ್ಲಿ ಫಿಲೋಮಿನಾ ಮಿಸ್ಸು ಫೋನ್ ಮಾಡಿದರು. "ಮಿಸ್, ನಂಗೆ ಮ್ಯೂಸಿಕ್ ಒಂದೂ ಗೊತ್ತಿಲ್ಲ, ಅದಕ್ಕೆ ನೀವು ಹೆಂಗೆ ಮಾಡಿದೀರೋ ಹಂಗೇ, ಒಂದು ಚೂರು ಜಾಸ್ತಿ ಇಲ್ಲ, ಕಮ್ಮಿ ಇಲ್ಲ, ಪ್ರಾಕ್ಟೀಸ್ ಮಾಡ್ಸಿದೀನಿ. ಆ ಸೈಲೆಂಟ್ ಆಗಿರೋ ಭಾಗ ಇದೆಯಲ್ಲ, ಅದನ್ನಂತೂ ಏನ್ ಸೂಪರಾಗಿ ಮಾಡ್ತಾರೆ ಗೊತ್ತಾ!" ಎಂದರು. ನನ್ನ ಕ್ಲಾಸಿನಲ್ಲಿ ಒಂದು ನಿಮಿಷ ಬಾಯಿ ಮುಚ್ಚದ ಮಕ್ಕಳು ಟೀವಿ ಮುಂದೆ ತೆಪ್ಪಗೆ ಕೂರುತ್ತವೆ ಎಂದು ಇವರು ನನ್ನನ್ನು ಹಂಗಿಸುತ್ತಿದ್ದಾರೆಂದೇ ತಿಳಿದೆ. "ಆಗ್ಲಿ ಮಿಸ್, ಒಳ್ಳೇದು" ಎಂದು ಫೋನ್ ಇಟ್ಟೆ.

ಆನ್ಯುವಲ್ ಡೇ ಹತ್ತಿರ ಬಂದಂತೆಲ್ಲ ನನ್ನ ಮನಸ್ಸು ಕೆಟ್ಟದ್ದಾಗುತ್ತ ಹೋಯಿತು. ಹಾಡು ಚೆನ್ನಾಗಿ ಬಂದರೆ ನನ್ನ ನೌಕರಿ ಹೋಗುತ್ತದೆ. ಕೆಟ್ಟರೆ ಉಳಿಯುತ್ತದೆ, ಆದರೆ ಕೆಡುವುದು ನಾನೇ ರಾಗ ಹಾಕಿದ ಹಾಡು, ನಿಲ್ಲುವುದು ಏನೂ ಅರಿಯದ ನಲವತ್ತು ಮಕ್ಕಳು. ಸೋಮೇಶ್ವರನ ಗುಡಿಗೆ ಹೋಗಿ ಕೈ ಮುಗಿದರೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. "ಸ್ವಲ್ಪ ಮಾತ್ರ ಕೆಡಲಿ ಸ್ವಾಮಿ, ಮಕ್ಕಳಿಗೆ ಗೊತ್ತಾಗದ ಹಾಗೆ, ಸೆಕ್ರೆಟರಿಗೆ ಗೊತ್ತಾಗುವ ಹಾಗೆ" ಎಂದು ಕೊನೆಗೆ ಬೇಡಿಕೊಂಡೆ. ದೇವರ ತಾಳ್ಮೆಗೂ ಒಂದು ಮಿತಿ ಇರುತ್ತದೆ.

ಸಮಾರಂಭ ಹಲಸೂರಿನ ಶಾಲೆಯ ಅಂಗಳದಲ್ಲಿ. ಮಧ್ಯಾಹ್ನ ರಿಹರ್ಸಲ್ ಎಂದು ಕೆ.ಆರ್. ಪುರದ ಮಕ್ಕಳನ್ನು ನಿಲ್ಲಿಸಿದರು; ಮೈಕಿಗಾಗಿ ಪಲ್ಲವಿ ಹಾಡಿಸಿದ್ದೇ ಸರಿ, ಡ್ಯಾನ್ಸಿನವರಿಗೆ ಸ್ಟೇಜ್ ಬೇಕೆಂದು ಇಳಿಸಿಬಿಟ್ಟರು. ಆರು ತಿಂಗಳ ಮೇಲೆ ಆ ಮಕ್ಕಳನ್ನು ನೋಡಿದ್ದೆ. ಅವರಲ್ಲಿ ಕೆಲವರು ನಾನು ಅಲ್ಲಿಗೆ ಹೋಗುವುದು ನಿಂತ ಮೇಲೆ ಸೇರಿದವರು, ನನ್ನನ್ನು ಟೀವಿಯಲ್ಲಿ ಮಾತ್ರ ಕಂಡವರು. ಭವಾನಿ ಎಂಬ ಐದನೆಯ ಕ್ಲಾಸಿನ ಹುಡುಗಿ ಮೆಲ್ಲಗೆ ಬಂದು ನನ್ನ ಸೆರಗು ಮುಟ್ಟಿ ನೋಡಿದಳು.

"ಮಿಸ್, ನೀವು ಟೀವಿ ಮಿಸ್ಸಾ?"

"ಹೂಂ ಕಣಮ್ಮಾ."

"ಟೀವಿಲಿ ಗುಲಾಬಿ ಇರುತ್ತೆ" ಎಂದು ನನ್ನ ಸುತ್ತ ಒಮ್ಮೆ ನೋಡಿದಳು. ಅವಳಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಸಂಜೆ ಹಾಡು ಶುರುವಾದಾಗ ನಾನು ಸ್ಟೇಜಿನ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದೆ, ಮಕ್ಕಳ ಎಡಗಡೆಗೆ. ಪಲ್ಲವಿ ಬಂತು. ಅಯ್ಯೋ, ಎಷ್ಟು ಚೆನ್ನಾಗಿ ಬಂತು! ಶ್ರುತಿ ಹಿಡಿದಿದ್ದರು, ಮಾತು ಸ್ಪಷ್ಟವಾಗಿತ್ತು. ನಲವತ್ತೂ ಮಕ್ಕಳು ನಮ್ಮ ಸೋದರತ್ತೆಯ ಹಾಗೆ ಒಂಚೂರು ಮೂಗಿನಲ್ಲಿ ಹಾಡುತ್ತಿದ್ದರು, ಅಷ್ಟೇ. ಮುಗಿಯಿತು, ಮಾರ್ಚಿನ ಕಾಗದ ಇನ್ನು ಬರುವುದಿಲ್ಲ ಎಂದು ಎದೆ ಭಾರವಾಯಿತು. ಅದೇ ಎದೆ ಹಿಗ್ಗುತ್ತಲೂ ಇತ್ತು. ಚರಣ ಬಂತು. "ಹೂವ ಕಟ್ಟಿ, ದೀಪ ಹಚ್ಚಿ, ಕಾದು ನಿಂತೆವಮ್ಮಾ" ಎಂದು ಹಾಡಿ ಎಲ್ಲರೂ ನಿಂತುಬಿಟ್ಟರು.

ಮರೆತರು ಎಂದುಕೊಂಡೆ. ಇಲ್ಲ, ಕೈಗಳು ನಿಂತಿರಲಿಲ್ಲ. ನಲವತ್ತು ಬಲಗೈಗಳು ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದವು. ನಲವತ್ತು ತಲೆಗಳು ಒಟ್ಟಿಗೆ ಎಡಕ್ಕೆ ತಿರುಗಿದವು. ಟೀವಿಯಲ್ಲಿ ಎಡ ಯಾವುದು ಬಲ ಯಾವುದು ಎಂದು ಮಕ್ಕಳಿಗೆ ಗೊಂದಲವಾಗದಂತೆ ಫಿಲೋಮಿನಾ ಮಿಸ್ಸು ಲೆಕ್ಕ ಹಾಕಿ ಕಲಿಸಿದ್ದರು. ಮುಖದಲ್ಲಿ ನಗುವಿಲ್ಲ, ಅಳುವಿಲ್ಲ. ಯಾವುದೋ ಉದ್ದನೆಯದು ಎದುರಿನಿಂದ ಹಾದುಹೋಗಲಿ ಎಂದು ಕಾಯುವವರ ಮುಖ. ಒಂದು ಆವರ್ತ, ಎರಡು ಆವರ್ತ. ಶ್ರುತಿಪೆಟ್ಟಿಗೆ ಒಂದೇ ಗುಂಯ್‌ಗುಟ್ಟುತ್ತಿತ್ತು. ಸಭೆಯಲ್ಲಿ ಪಿಸುಮಾತು ನಿಂತಿತು. ಮೂರನೆಯ ಆವರ್ತಕ್ಕೆ ನನಗೆ ತಿಳಿಯಿತು. ಅದು ನಮ್ಮ ಮನೆಯ ಗೂಡ್ಸ್ ಗಾಡಿ. ಸದ್ದನ್ನು ಇಮ್ತಿಯಾಜ್ ತೆಗೆದಿದ್ದರು, ಗಾಡಿ ಹೋಗುವಷ್ಟು ಹೊತ್ತನ್ನು ನಾನು ತೆಗೆಯಲು ಬಿಟ್ಟಿರಲಿಲ್ಲ. ಆರುನೂರು ಜನರ ಎದುರು ನಿಂತು ಆ ಮಕ್ಕಳು ಕಾಣದ ಬೋಗಿಗಳನ್ನು ಒಂದೊಂದಾಗಿ ಕಳಿಸುತ್ತಿದ್ದವು. ಎಡಗಡೆ ಇದ್ದವಳು ನಾನೊಬ್ಬಳೇ ಆದ್ದರಿಂದ ನಲವತ್ತು ಜೊತೆ ಕಣ್ಣುಗಳೂ ನನ್ನನ್ನೇ ನೋಡುತ್ತಿದ್ದವು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಎಂಟು ಆವರ್ತ ಮುಗಿಯಿತು. ನಲವತ್ತು ತೋರುಬೆರಳುಗಳು ಮೇಲೆ ಹೋಗಿ, ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಹಿಂದಕ್ಕೆ ತಳ್ಳಿದವು. ಎಲ್ಲರೂ ಮುಂದಕ್ಕೆ ತಿರುಗಿ, ಒಬ್ಬರೂ ಹಿಂದುಮುಂದಾಗದೆ, "ಬಂದೆಯಾ ತಾಯೆ, ಬಂದೆಯಾ" ಎಂದು ಎತ್ತಿಕೊಂಡರು.

ಚಪ್ಪಾಳೆ ಎಂದರೆ ಚಪ್ಪಾಳೆ. ಮುಖ್ಯ ಅತಿಥಿಗಳಾಗಿ ಬಂದಿದ್ದ ನಿವೃತ್ತ ಅಧಿಕಾರಿಯೊಬ್ಬರು ಭಾಷಣದಲ್ಲಿ ಕಣ್ಣೊರೆಸಿಕೊಂಡರು. ಅಷ್ಟು ಹೊತ್ತು ಮೌನವಾಗಿ ತಾಯಿಯನ್ನು ಕಾಯುವುದು, ದಾರಿ ನೋಡುವುದು, ಕಣ್ಣು ಮಂಜಾಗಿ ಕನ್ನಡಕ ಸರಿಮಾಡಿಕೊಳ್ಳುವುದು, ಆಮೇಲೆ ಬಂದೆಯಾ ಎನ್ನುವುದು. ಇಂಥ ಕಲ್ಪನೆಯನ್ನು ತಾವು ದೊಡ್ಡ ದೊಡ್ಡ ಸಭೆಗಳಲ್ಲೂ ಕಂಡಿಲ್ಲ ಎಂದರು. ಪಿಳ್ಳಪ್ಪನವರು ನನ್ನನ್ನು ಪರದೆಯ ಹಿಂದೆ ಹಿಡಿದರು. "ಏನಮ್ಮಾ ಇದು? ಆ ಸುಮ್ನೆ ನಿಂತ್ಕೊಳ್ಳೋ ಐಟಮ್ಮು ನೀವೇ ಹಾಕಿದ್ದಾ, ಇಲ್ಲಾ ಸೀಡಿಲಿ ಏನಾದ್ರೂ ಮಿಸ್ಟೇಕಾ?"

ಓದುಗರೇ, ನನ್ನ ನೌಕರಿ ಆ ಕ್ಷಣ ನನ್ನ ನಾಲಗೆಯ ಮೇಲಿತ್ತು. "ಮಿಸ್ಟೇಕು ಸಾರ್. ಅದು ರೈಲು. ಸೀಡಿಗೆ ಯಾವುದು ಹಾಡು, ಯಾವುದು ರೈಲು ಅಂತ ಗೊತ್ತಾಗಲ್ಲ, ಅದನ್ನು ಹೇಳೋದಕ್ಕೆ ಕ್ಲಾಸಲ್ಲಿ ಒಬ್ಬ ಮನುಷ್ಯರು ಬೇಕು" ಎಂದಿದ್ದರೆ ಸಾಕಿತ್ತು. ಸೀಡಿ ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕಿಂತ ಒಳ್ಳೆಯ ವಾದ ಯಾವ ವಕೀಲರಿಗೂ ಸಿಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಅಧಿಕಾರಿಗಳು ಮೆಟ್ಟಿಲಿಳಿದು ಬಂದು, "ಇವರೇನಾ ಆ ಮಹಾತಾಯಿ?" ಎಂದು ನನಗೆ ಕೈ ಮುಗಿದರು. ಇಪ್ಪತ್ತು ವರ್ಷದಲ್ಲಿ ನನ್ನ ಹಾಡಿಗೆ ಯಾರೂ ಕೈ ಮುಗಿದಿರಲಿಲ್ಲ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಅದು ನಮ್ಮ ಮನೋಧರ್ಮ ಸಾರ್, ಹಾಡ್ತಾ ಹಾಡ್ತಾ ತಾನಾಗೇ ಹುಟ್ಟಿದ್ದು" ಎಂದುಬಿಟ್ಟಿತು. ಮೂರನೆಯ ಸಾಲಿನಲ್ಲಿ ಕೂತಿದ್ದ ಯಜಮಾನರು ಆಟೋದಲ್ಲಿ ಬಾಣಸವಾಡಿಯವರೆಗೂ ಬೆರಳು ಮಡಿಸಿ ಏನೋ ಎಣಿಸುತ್ತಿದ್ದರು. ಮನೆಯ ಬೀಗ ತೆಗೆಯುವಾಗ, "ಏನೇ, ಆ ಗೂಡ್ಸಿಗೆ ಎಂಟು ಆವರ್ತನಾ? ನಾನು ಏಳು ಅಂದ್ಕೊಂಡಿದ್ದೆ" ಎಂದರು.

ಮಾರ್ಚಿನಲ್ಲಿ ಕಾಗದ ಬಂತು. ಬರೆದದ್ದನ್ನು ಎರಡು ಸಲ ಓದಿದೆ. ಸಂಗೀತದ ಪಾಠಗಳು ಮುಂದಿನ ವರ್ಷದಿಂದ ಎರಡೂ ಕಡೆ ಸೀಡಿಯ ಮೂಲಕ ನಡೆಯುತ್ತವೆ, ನನ್ನನ್ನು ಸೀಡಿ ಇನ್‌ಚಾರ್ಜ್ ಆಗಿ ಮುಂದುವರಿಸಲಾಗಿದೆ. ಸೆಕ್ರೆಟರಿಯವರು ಬಿಡಿಸಿ ಹೇಳಿದರು. ಇನ್ನು ಮೇಲೆ ಸೀಡಿಯ ಕಾಪಿ ಮಾಡುವುದಿಲ್ಲ, ಮಾಡಿದರೆ ಆ ಸುಮ್ಮನೆ ನಿಲ್ಲುವ ಐಟಮ್ಮನ್ನು ಬೇರೆ ಶಾಲೆಯವರು ಕದಿಯುತ್ತಾರೆ. ಇರುವುದು ಒಂದೇ. ಬ್ರಾಂಚಿನವರ ಕೈಗೆ ಕೊಟ್ಟರೆ ಕುಂಕುಮ ಹಚ್ಚುತ್ತಾರೆ. ಆದ್ದರಿಂದ ಮೂರು ದಿನ ಹಲಸೂರು, ಮೂರು ದಿನ ಕೆ.ಆರ್. ಪುರ, ನಾನೇ ತೆಗೆದುಕೊಂಡು ಹೋಗಿ ಹಾಕಿ, ವಾಪಸ್ ತರಬೇಕು. "ಹಾಡೋ ತೊಂದ್ರೆ ಇಲ್ಲ ನೋಡಿ, ನಿಮ್ಗೇ ಆರಾಮು" ಎಂದರು. ನನ್ನ ಬಾಯಿಗೆ ಬಂದದ್ದು ಹಳೆಯ ಎರಡು ಮಾತೇ: "ಹ್ಞೂಂ, ಆಯ್ತು."

ಹೀಗೆ ಬಸ್ಸು ತಪ್ಪಲೆಂದು ಸೀಡಿಯಾದವಳು ಸೀಡಿಯನ್ನು ಚೀಲದಲ್ಲಿಟ್ಟುಕೊಂಡು ಅದೇ ಬಸ್ಸು ಹತ್ತಿದೆ. ಆ ಜೂನಿನಲ್ಲಿ ಕೆ.ಆರ್. ಪುರದ ಬ್ರಾಂಚು ರೈಲ್ವೆ ಸ್ಟೇಷನ್ನಿನ ಹಿಂದುಗಡೆಯ ಹೊಸ ಕಟ್ಟಡಕ್ಕೆ ಬಂದಿತ್ತು. ಮೊದಲ ದಿನ ಸೀಡಿ ಹಾಕಿ ಟೀವಿಯ ಪಕ್ಕ ಕುರ್ಚಿಯ ಮೇಲೆ ಕೂತೆ. ಗುಲಾಬಿ ಅರಳಿತು, ಅವಳು ಬಂದಳು, ಹಾಡಲು ಶುರು ಮಾಡಿದಳು. ಪಲ್ಲವಿಯ ನಡುವೆ ಕಿಟಕಿಯಾಚೆ ನಿಜವಾದ ರೈಲು ಬಂತು. ಕೋಣೆಯೆಲ್ಲ ಅದುರಿತು. ಅವಳು ಮಾತ್ರ ಬಾಯಿ ಆಡಿಸುತ್ತಲೇ ಹೋದಳು. ರೈಲು ದಾಟುವಷ್ಟರಲ್ಲಿ ಅವಳು ಎಲ್ಲಿಗೋ ಹೋಗಿಬಿಟ್ಟಿದ್ದಳು, ಮಕ್ಕಳು ಇಲ್ಲೇ ಉಳಿದಿದ್ದರು. ಈಗ ಆರನೆಯ ಕ್ಲಾಸಿನಲ್ಲಿದ್ದ ಭವಾನಿ ಎದ್ದು ನಿಂತಳು.

"ಮಿಸ್, ಟೀವಿ ಮಿಸ್ಸಿಗೆ ಟ್ರೇನ್ ಬಂದಿದ್ದೇ ಗೊತ್ತಾಗಲಿಲ್ಲ. ನೀವೇ ಹೇಳ್ಕೊಡಿ ಮಿಸ್."

ಹೌದಮ್ಮಾ, ಗೊತ್ತಾಗಲಿಲ್ಲ. ಗೊತ್ತಾಗುವುದು ನನಗೊಬ್ಬಳಿಗೇ ಎಂದುಕೊಂಡೆ. ಸೆಕ್ರೆಟರಿಯವರು ಏನಾದರೂ ಅಂದುಕೊಳ್ಳಲಿ ಎಂದು ಟೀವಿ ಆರಿಸಿ, ಬಾಗಿಲು ಹಾಕಿ, ಶ್ರುತಿಪೆಟ್ಟಿಗೆ ಹಚ್ಚಿ, ಒಂದು ವರ್ಷದಿಂದ ಆ ಊರಿನಲ್ಲಿ ಹಾಡದೆ ಇಟ್ಟುಕೊಂಡಿದ್ದದ್ದನ್ನೆಲ್ಲ ಹಾಡಿದೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. "ಕಾದು ನಿಂತೆವಮ್ಮಾ" ಎಂದು ಹಾಡಿ, ರೈಲು ಗೀಲು ಏನೂ ಇರಲಿಲ್ಲವಾದ್ದರಿಂದ ನೇರವಾಗಿ "ಬಂದೆಯಾ" ಎಂದೆ.

"ಮಿಸ್, ತಪ್ಪು!" ಭವಾನಿ ಕೈ ಎತ್ತಿದಳು. ಉಳಿದವರೂ ತಲೆ ಆಡಿಸಿದರು. "ಅಲ್ಲಿ ನಿಲ್ಲಿಸ್ಬೇಕು. ಎಡಕ್ಕೆ ನೋಡ್ಬೇಕು. ಸೀಡಿಲಿ ಹಂಗಿದೆ ಮಿಸ್."

ಹಾಡು ನನ್ನದು, ರಾಗ ನನ್ನದು, ರೈಲು ಕೂಡ ನನ್ನದೇ ಎಂದು ಹೇಳಬೇಕೆನ್ನಿಸಿತು. ಅದನ್ನೆಲ್ಲ ಹೇಳುವುದಕ್ಕೆ ಎಷ್ಟು ಹೊತ್ತು ಬೇಕೆಂದು ಯೋಚಿಸಿದರೇ ಸುಸ್ತಾಯಿತು. "ಹ್ಞೂಂ, ಆಯ್ತು" ಎಂದು ಮತ್ತೆ ಎತ್ತಿಕೊಂಡು, ಆ ಸಾಲಿಗೆ ಬಂದಾಗ ನಿಲ್ಲಿಸಿ, ಎಡಕ್ಕೆ ತಿರುಗಿ ತಾಳ ಹಾಕತೊಡಗಿದೆ. ಅಲ್ಲಿ ಬಿಳಿ ಗೋಡೆ ಇತ್ತು. ಎಂಟು ಆವರ್ತ ಎಣಿಸುತ್ತ ನಿಂತವಳು ಲೆಕ್ಕ ತಪ್ಪಿ ಏಳು ಮುಗಿಯುತ್ತಲೇ ಕನ್ನಡಕ ಸರಿಮಾಡಿಕೊಂಡು ಒಬ್ಬಳೇ ಹಾಡಿಬಿಟ್ಟೆ. ಮಕ್ಕಳು ಒಬ್ಬರೂ ಬಾಯಿ ತೆರೆಯಲಿಲ್ಲ. ಅವರ ರೈಲು ಇನ್ನೂ ಪೂರ್ತಿ ಹೋಗಿರಲಿಲ್ಲ.